ಕಾಲರ್ ಪರೀಕ್ಷೆ

ಗೇಟಿನ ಮುಂದೆ ಮುನ್ನೂರು ಹೆಂಗಸರು. ಒಳಗಿದ್ದದ್ದು ಆರೇ ಕೆಲಸ. ಬೆಳಿಗ್ಗೆ ಏಳರಿಂದ ನಿಂತಿದ್ದೆವು. ಒಂದು ಕಾಲಿನ ಭಾರ ಇನ್ನೊಂದಕ್ಕೆ, ಅದರ ಭಾರ ಮತ್ತೆ ಇದಕ್ಕೆ.

ಷರ್ಟು ಹೊಲಿಯುವ ಕಾರ್ಖಾನೆ ಅದು. ಆರಿಸಲು ಬರುವ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಜರಡಿ ಸಾಹೇಬ. ಕಂಕುಳಲ್ಲಿ ಕೂಸಿದ್ದವರನ್ನು ಮೊದಲು ಸೋಸಿ ತೆಗೆದ. ಆಮೇಲೆ ಕನ್ನಡಕದವರನ್ನು. ಉಳಿದವರ ಬೆರಳುಗಳನ್ನು, ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ಮುರಿದು ನೋಡುವವನ ಹಾಗೆ, ಬಗ್ಗಿಸಿ ನೋಡಿದ.

ಅರವತ್ತು ಜನ ಉಳಿದೆವು. ಅದರಲ್ಲಿ ನಾನು, ನನ್ನ ಅತ್ತಿಗೆ. ಸಾಹೇಬ ನಮ್ಮನ್ನು ಒಳಗೆ ಕರೆದು ಮಿಷನ್ನುಗಳ ಮುಂದೆ ಕೂರಿಸಿದ.

"ತಲೆಗೆ ನಲವತ್ತು ಕಾಲರ್ ಹೊಲೀರಿ. ಕೈ ನೋಡ್ಬೇಕು."

"ಇದು ಮೂರನೇ ವಾರ ಸಾರ್ ನೋಡ್ತಿರೋದು. ಕೈ ಏನು ಬದಲಾಗುತ್ತಾ?" ಎಂದೆ.

"ಕೈ ಅಲ್ಲಮ್ಮ, ಬಾಯಿ ಬದಲಾಗಿದೆ. ಉದ್ದ ಆಗಿದೆ."

ಅತ್ತಿಗೆ ನನ್ನ ಮೊಣಕೈ ಚಿವುಟಿದಳು. ಈ ಸಲ ಅವಳಿಗೆ ಕೆಲಸ ಸಿಗದಿದ್ದರೆ ಮಗಳಿಗೆ ಶಾಲೆ ಬಿಡಿಸಿ ದುಡಿಯಲು ಕಳಿಸುವುದೆಂದು ಅಣ್ಣ ಹೇಳಿಬಿಟ್ಟಿದ್ದ. ಏಳನೇ ಕ್ಲಾಸಿನ ಕೂಸು.

ಹೊಲಿದೆವು. ಊಟಕ್ಕೆ ಬಿಡಲಿಲ್ಲ. ನಾಲ್ಕು ಗಂಟೆಗೆ ಸಾಹೇಬ ಚಪ್ಪಾಳೆ ತಟ್ಟಿದ. "ಇವತ್ತೂ ಯಾರೂ ಪಾಸಿಲ್ಲ. ಮುಂದಿನ ವಾರ ಬನ್ನಿ."

ನೀರು ಕುಡಿಯಲೆಂದು ಹಿಂದಿನ ಕೋಣೆಗೆ ಹೋದ ಅತ್ತಿಗೆ, ಒಂದು ಹೊಸ ಷರ್ಟು ಹಿಡಿದು ಬಂದಳು. ಕಾಲರ್ ತಿರುಗಿಸಿ ಎಲ್ಲರಿಗೂ ತೋರಿಸಿದಳು.

"ಹೋದ ವಾರ ನಾನು ಹೊಲಿದ ಕಾಲರ್ ಇದು! ಮೂಲೆ ತಿರುಗಿಸುವಾಗ ಎರಡು ಹೊಲಿಗೆ ಹಿಂದಕ್ಕೆ ಹಾಕೋದು ನಮ್ಮಮ್ಮ ಕಲಿಸಿದ್ದು. ಅಲ್ಲಿ ಪೆಟ್ಟಿಗೆಗಟ್ಟಲೆ ತುಂಬ್ತಾ ಇದಾರೆ ಕಣ್ರೇ. ಫೇಲಾದ ಕೈಯೇ ಇವರ ಕಾರ್ಖಾನೆ ನಡೆಸ್ತಿರೋದು!"

ಎದ್ದು ನಿಂತಿದ್ದವರು ನಿಂತಲ್ಲೇ ನಿಂತರು. ಸಾಹೇಬ ಅವಳ ಹತ್ತಿರ ಸರಿದ. ದನಿ ಇಳಿಸಿದ.

"ನಾಳೆಯಿಂದ ನೀನು ಬಾ. ಕೆಲಸ ನಿಂದೇ. ಬಾಯಿ ಮುಚ್ಕೊಂಡಿರು."

ಅತ್ತಿಗೆ ನಮ್ಮ ಕಡೆ ಕೈ ತೋರಿಸಿದಳು. "ಇವರು?"

"ಇವರಿಗೆ ಇನ್ನೊಂದು ಪರೀಕ್ಷೆ."

ಅವಳು ಹೋಗಿ ತನ್ನ ಮಿಷನ್ನಿನ ಮುಂದೆ ಕೂತಳು. ಒಪ್ಪಿಕೊಂಡಳೆಂದೇ ತಿಳಿದೆ. ದೇವರಾಣೆ, ನನಗೆ ಸಮಾಧಾನವೂ ಆಯಿತು. ಮಗು ಶಾಲೆಗೆ ಹೋಗುತ್ತದಲ್ಲ.

ಅತ್ತಿಗೆ ತಾನು ಹೊಲಿದ ಕಾಲರುಗಳ ಕಟ್ಟು ಮಡಿಲಿಗೆಳೆದುಕೊಂಡಳು. ಕತ್ತರಿಯ ಮೊನೆ ಹೊಲಿಗೆಯ ಕೆಳಗೆ ತೂರಿಸಿದಳು. ದಾರ ಎಳೆದಳು. ಇನ್ನೊಂದು ಕಾಲರ್. ಮತ್ತೊಂದು. ನಾನೂ ಕೂತೆ. ನನ್ನ ಪಕ್ಕದವಳು ಕೂತಳು. ಆಮೇಲೆ ಸಾಲಿಗೆ ಸಾಲೇ ಕೂತಿತು.

"ಲೇ, ಬಟ್ಟೆ ಹಾಳಾಗುತ್ತೆ!" ಸಾಹೇಬ ಮಿಷನ್ನಿಂದ ಮಿಷನ್ನಿಗೆ ಓಡಾಡತೊಡಗಿದ.

"ನಿಮ್ಮ ಬಟ್ಟೆ ನಿಮಗೇ ಇದೆ ಸಾರ್, ಒಂದೆಳೆ ಹರಿದಿಲ್ಲ," ಎಂದಳು ಅತ್ತಿಗೆ. "ಹೊಲಿಗೆ ಮಾತ್ರ ನಮ್ದು. ಬಿಚ್ಕೊಂಡು ಹೋಗ್ತೀವಿ."