ಅತ್ತೆ ಕೊಟ್ಟ ಕಷಾಯ

ಬೊರಾಳ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಗೊತ್ತಾದ ದಿನದಿಂದ ಚಾಂಗ್‌ವೊನ್ ನಗರದ ಆ ಮನೆಯಲ್ಲಿ ಎಲ್ಲರೂ ಪತ್ತೇದಾರರಾಗಿಬಿಟ್ಟರು. ಗಂಡ ಗಿತೆಯಂತೂ ಅವಳು ಕುಡಿದಿಟ್ಟ ಲೋಟಗಳನ್ನು ಮೂಸತೊಡಗಿದ.

"ಏನ್ರೀ ಅದು, ನಾಯಿ ಥರ ಮೂಸ್ತಿದ್ದೀರಾ?"

"ಏನಿಲ್ಲ ಕಣೇ. ಆಫೀಸಿನ ಊಟದಲ್ಲಿ ನಿಂಗೂ ಸೋಜು ಹೆಂಡ ಬಗ್ಗಿಸ್ತಾರಲ್ಲ, ಅದಕ್ಕೇ..."

"ನಾನು ತುಟಿಗೆ ತಾಗಿಸಿ ಕೆಳಗಿಡ್ತೀನಿ. ಬಾಟ್ಲಿಗಟ್ಲೆ ಕುಡಿಯೋ ನಿಮ್ಮ ಲಿವರು ಗುಂಡುಕಲ್ಲು, ಕುಡಿಯದಿರೋ ನಂದು ಕೆಟ್ಟಿದೆ. ಇದ್ಯಾವ ನ್ಯಾಯ?"

ಗಿತೆ ಲೋಟ ತೊಳೆದಿಟ್ಟು ಮೆಲ್ಲಗೆ ಜಾಗ ಖಾಲಿ ಮಾಡಿದ.

ಬೊರಾಳ ಅನುಮಾನವೇ ಬೇರೆ. ಅವಳಿಗೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ, ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ವರ್ಷಗಳಾದರೂ ಮಗುವಿಲ್ಲ. ಪಕ್ಕದ ಕಟ್ಟಡದಲ್ಲಿದ್ದ ಅತ್ತೆ ಕಪ್ಪು ಮೇಕೆಯ ಮಾಂಸಕ್ಕೆ ಬೇರುನಾರು ಸೇರಿಸಿ ನಾಟಿ ಔಷಧಿ ಅಂಗಡಿಯಲ್ಲಿ ಕಷಾಯ ಮಾಡಿಸಿ, ಪ್ಲಾಸ್ಟಿಕ್ ಪೊಟ್ಟಣ ಕಟ್ಟಿಸಿ ತಂದು ಸೊಸೆಯ ಫ್ರಿಜ್‌ನಲ್ಲಿ ಪೇರಿಸುತ್ತಿದ್ದರು. "ಬಿಸಿ ಮಾಡ್ಕೊಂಡು ಕುಡಿಯಮ್ಮ, ಹೊಟ್ಟೆ ಬೆಚ್ಚಗಿದ್ರೆ ಮಗು ನಿಲ್ಲುತ್ತೆ."

ಅವಳನ್ನು ಪರೀಕ್ಷಿಸಿದ ಡಾಕ್ಟರ್ ಮೇಂಗ್, ಲಿವರು ಸುಧಾರಿಸುವ ತನಕ ಮಗುವಿನ ಚಿಕಿತ್ಸೆ ಶುರು ಮಾಡುವುದಿಲ್ಲ ಎಂದಿದ್ದರು. "ನಾಟಿ ಔಷಧಿ ಏನಾದ್ರೂ ತಗೊಳ್ತೀರಾ?" ಎಂದೂ ಕೇಳಿದ್ದರು. ಬೊರಾಳಿಗೆ ಅಷ್ಟೇ ಸಾಕಾಯಿತು. ಅವತ್ತಿನಿಂದ ಪೊಟ್ಟಣ ಕತ್ತರಿಸಿ ಕಷಾಯವನ್ನು ಸಿಂಕಿಗೆ ಸುರಿಯತೊಡಗಿದಳು. ಖಾಲಿ ಪೊಟ್ಟಣ ನೋಡಿ ಅತ್ತೆ ಖುಷಿಪಡುತ್ತಿದ್ದರು.

ಅಷ್ಟೇ ಅಲ್ಲ, ಪಥ್ಯವೂ ಶುರುವಾಯಿತು. ಅನ್ನ ಅರ್ಧ ಬಟ್ಟಲಿಗೆ ಇಳಿಯಿತು, ಸಕ್ಕರೆ ಡಬ್ಬ ಪಕ್ಕದ ಮನೆ ಸೇರಿತು. ಸಿಹಿಗೆ ತವರಿನ ಪ್ಲಮ್ ಪಾಕ ಮಾತ್ರ. ಹಸಿರು ಪ್ಲಮ್ ಕಾಯಿಗೆ ಸಮಸಮ ಸಕ್ಕರೆ ಹಾಕಿ ತವರೂರು ಹಾದೋಂಗ್‌ನಲ್ಲಿ ಅಮ್ಮ ಜಾಡಿಗಟ್ಟಲೆ ಕಳಿಯಲು ಇಡುತ್ತಿದ್ದಳು. "ಹಳೇದಾದಷ್ಟೂ ಸಕ್ಕರೆ ಸತ್ತು ಔಷಧಿ ಆಗುತ್ತೆ ಮಗಳೇ," ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಆ ಸೀಮೆಯಲ್ಲಿ ಹಾಗೆ ನಂಬದವರೇ ಇಲ್ಲ. ಹಸಿವಾದರೆ ನೀರಿಗೆ ಬೆರೆಸಿ ಒಂದು ಲೋಟ, ಹೊಟ್ಟೆ ಉಬ್ಬರಿಸಿದರೆ ಇನ್ನೊಂದು ಲೋಟ, ಸೊಪ್ಪಿಗೂ ಮೀನಿಗೂ ಅದೇ. ಹೆತ್ತವಳ ಕೈಯನ್ನು ಯಾರು ಅನುಮಾನಿಸುತ್ತಾರೆ?

ಮುಂದಿನ ಪರೀಕ್ಷೆಯಲ್ಲಿ ಲಿವರು ಇನ್ನಷ್ಟು ಕೆಟ್ಟಿತ್ತು. ಬುದ್ಧಿಯಿದ್ದವರು ಅಲ್ಲಿಗೆ ಕಷಾಯವನ್ನು ದೂರುವುದನ್ನು ಬಿಟ್ಟುಬಿಡುತ್ತಿದ್ದರು. ಆದರೆ ಅನುಮಾನ ಒಮ್ಮೆ ಮನೆ ಹೊಕ್ಕರೆ ಬುದ್ಧಿ ಚಪ್ಪಲಿ ಮೆಟ್ಟಿ ಹೊರಡುತ್ತದೆ. ಅತ್ತೆ ಆ ಬೇರನ್ನೇ ಪುಡಿ ಮಾಡಿ ಪಲ್ಯದಲ್ಲಿ ಬೆರೆಸುತ್ತಿರಬೇಕು ಎಂದುಕೊಂಡಳು ಬೊರಾ. ಅತ್ತೆ ಕಳಿಸಿದ ಸೊಪ್ಪಿನ ಪಲ್ಯವನ್ನು ಕೆದಕಿ ನೋಡಿ, ಗಂಡನ ತಟ್ಟೆಗೆ ಸರಿಸಿದಳು.

ಸುಗ್ಗಿಯ ಚುಸೊಕ್ ಹಬ್ಬದ ದಿನ ಅಡುಗೆಮನೆಯಲ್ಲಿ ಗಂಡನ ಚಿಕ್ಕಮ್ಮಂದಿರೆಲ್ಲ ಸೇರಿದ್ದಾಗ ಒಬ್ಬಾಕೆ, "ಏನ್ ಬೊರಾ, ಇನ್ನೂ ವಿಶೇಷ ಇಲ್ವಾ?" ಎಂದು ಕೆಣಕಿದಳು. ಬೊರಾಳಿಗೆ ರೇಗಿಹೋಯಿತು.

"ಎಲ್ಲಿಂದ ಆಗುತ್ತೆ? ಅತ್ತೆಯ ಕಷಾಯ ನನ್ನ ಲಿವರನ್ನೇ ತಿಂದುಹಾಕ್ತು!"

ಅತ್ತೆಯ ಮುಖ ಕಪ್ಪಿಟ್ಟಿತು. ಕಾವಲಿಯ ಮೇಲಿದ್ದ ದೋಸೆ ಮಗುಚಿ ಹಾಕಿ, "ನಾನೂ ಡಾಕ್ಟ್ರ ಹತ್ರ ಬರ್ತೀನಿ. ನನ್ನೆದುರಿಗೇ ಹೇಳ್ಲಿ," ಎಂದರು.

ಹಬ್ಬ ಮುಗಿದ ಮೇಲೆ ಇಬ್ಬರೂ ಹೋದರು. ಅತ್ತೆ ಕಷಾಯದ ಪೊಟ್ಟಣವನ್ನು ಡಾಕ್ಟರ್ ಮೇಂಗ್ ಮುಂದಿಟ್ಟರು.

"ಇದನ್ನ ಎಷ್ಟು ದಿನದಿಂದ ಕುಡೀತಿದ್ದೀರಿ?" ಎಂದರು ಡಾಕ್ಟರು.

ಬೊರಾ ತಲೆ ತಗ್ಗಿಸಿದಳು. "ಮೊದಲ ಪರೀಕ್ಷೆ ಆದಾಗಿಂದ ಕುಡಿದಿಲ್ಲ. ಸಿಂಕಿಗೆ ಸುರೀತಿದ್ದೆ."

ಅತ್ತೆ ಅವಳತ್ತ ನೋಡಲಿಲ್ಲ.

"ಹಾಗಾದ್ರೆ ಆಮೇಲೆ ಕೊಬ್ಬು ಏರಿದ್ದು ಇದರಿಂದಲ್ಲ. ಸಿಹಿ ಏನು ತಿಂತೀರಿ?"

"ಬಿಟ್ಟೇಬಿಟ್ಟಿದ್ದೀನಿ ಡಾಕ್ಟ್ರೇ. ಅಮ್ಮನ ಪ್ಲಮ್ ಪಾಕ ಒಂದೇ. ದಿನಕ್ಕೆ ನಾಕೈದು ಲೋಟ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ಹಳೇದಾದ್ರೂ ಸಕ್ಕರೆ ಸಕ್ಕರೇನೇ. ನಿಮ್ಮ ಮೈಯಲ್ಲಿ ಇನ್ಸುಲಿನ್ ಮಾತು ನಡೆಯಲ್ಲ, ಅದಕ್ಕೇ ಮೈ ಅದನ್ನ ಇನ್ನೂ ಇನ್ನೂ ಸುರಿಸುತ್ತೆ. ಅದು ಜಾಸ್ತಿ ಆದಷ್ಟೂ ಅಂಡಾಶಯ ಗಂಡು ಹಾರ್ಮೋನು ಹೆಚ್ಚಿಸುತ್ತೆ. ಇಂಥ ಮೈಗೆ ಇಷ್ಟು ಸಕ್ಕರೆ ಹೋದ್ರೆ ಲಿವರು ಕೊಬ್ಬು ಮಾಡಿ ಕೂಡಿಟ್ಕೊಳ್ಳುತ್ತೆ. ಹೆಂಡಾನೇ ಬೇಕಾಗಿಲ್ಲ. ಪಾಕ ನಿಲ್ಸಿ, ದಿನಾ ನಡೀರಿ, ಇಳಿಯುತ್ತೆ." ಅತ್ತೆಯತ್ತ ತಿರುಗಿ, "ಅಜ್ಜೀ, ಕಷಾಯಾನೂ ಬೇಡ," ಎಂದರು.

ಹೊರಗೆ ಬರುತ್ತಿದ್ದಂತೆ ಬೊರಾಳ ಫೋನು ರಿಂಗಾಯಿತು. ಅಮ್ಮ. ಈ ವರ್ಷದ ಜಾಡಿ ಕಳಿಸುವ ವಿಷಯವೇ ಇರಬೇಕು. ಒಂದೊಂದು ಕಾಯಿಯ ತೊಟ್ಟನ್ನೂ ಕಡ್ಡಿಯಿಂದ ಕಿತ್ತು ಪಾಕ ಹಾಕಿದವಳಿಗೆ ಏನೆಂದು ಹೇಳುವುದು?

"ಎತ್ಕೋ," ಎಂದರು ಅತ್ತೆ. "ಅತ್ತೆ ಬೇಡ ಅಂದ್ಳು ಅಂತ ಹೇಳ್ಬಿಡು. ಹೆತ್ತವಳು ಯಾಕೆ ನೊಂದ್ಕೋಬೇಕು?"

ಇದರಲ್ಲೇನು ಮಸಲತ್ತಿದೆಯೋ ಎಂದು ಬೊರಾ ಅವರ ಮುಖ ಹುಡುಕಿದಳು. ಏನೂ ಸಿಗಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಅಮ್ಮಾ, ಪಾಕ ಕಳಿಸ್ಬೇಡ. ನನ್ನ ಲಿವರಿಗೆ ಆಗಲ್ವಂತೆ."

"ಯಾರು, ನಿಮ್ಮತ್ತೆ ಹೇಳ್ಕೊಟ್ಳಾ?" ಅಮ್ಮನ ದನಿ ಫೋನಿನ ಹೊರಗೂ ಕೇಳಿಸುವಷ್ಟು ಜೋರಾಗಿತ್ತು.

ಅತ್ತೆ 'ಹೂಂ' ಅನ್ನು ಎಂಬಂತೆ ತಲೆಯಾಡಿಸಿದರು.

"ಇಲ್ಲಮ್ಮ," ಎಂದಳು ಬೊರಾ. "ಅವರು ಪ್ರೀತಿಯಿಂದ ಕೊಟ್ಟದ್ದನ್ನ ನಾನು ವಿಷ ಅಂತ ಚೆಲ್ಲಿದೆ. ನೀನು ಕೊಟ್ಟದ್ದನ್ನ ಒಂದು ಮಾತೂ ಕೇಳದೆ ಕುಡಿದೆ."

ಅತ್ತೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.