ಎರಡು ಮೊಳದ ಸಂದು

ಶುಯಿಲಿನ್ ಹೆಂಚು ಹೊದಿಸುವ ಕೆಲಸದವನು. ಕಾಲುವೆಯ ದಂಡೆಯಲ್ಲಿ ಮನೆಗಳ ಮುಂದೆ ಹಾಯುವ ಕಲ್ಲುಹಾದಿಯ ಮೇಲೆ ಹೆಂಚಿನ ಮಾಡು ಹಾಕುವುದರಲ್ಲಿ ಅವನ ಕೈ ಪಳಗಿತ್ತು. ಅವರವರ ಮನೆಯ ಮುಂದಿನ ಮಾಡು ಅವರವರದೇ ಜವಾಬ್ದಾರಿ. ಹಾಗಾಗಿ ಇಡೀ ಊರು ಮಳೆಯಲ್ಲೂ ಕೊಡೆಯಿಲ್ಲದೆ ಓಡಾಡುತ್ತಿತ್ತು. ಜನ ನೆನೆಯುತ್ತಿದ್ದುದು ಒಂದೇ ಕಡೆ, ಶುಯಿಲಿನ್‌ನ ಮನೆಗೂ ಅವನ ಅಣ್ಣ ಗೆನ್‌ಬಾವ್‌ನ ಮನೆಗೂ ನಡುವೆ.

ಅಪ್ಪ ಸತ್ತ ವರ್ಷ, ಮನೆ ಮುಂದೆ ಕಾಲುವೆಗಿಳಿಯುವ, ದೋಣಿ ಕಟ್ಟುವ ಮೆಟ್ಟಿಲು ಯಾರಿಗೆ ಸೇರಬೇಕೆಂದು ಅಣ್ಣತಮ್ಮಂದಿರು ಕಿತ್ತಾಡಿದ್ದರು. ಅದೇ ವರ್ಷ ಹಳೆಯ ಮಾಡು ಕುಸಿದಾಗ ಇಬ್ಬರೂ ತಮ್ಮ ತಮ್ಮ ಗೋಡೆಯ ಅಂಚಿಗೆ ಸರಿಯಾಗಿ ನಿಲ್ಲಿಸಿ ಹೊಸದು ಕಟ್ಟಿದರು. ನಡುವೆ ಎರಡು ಮೊಳದ ಸಂದು ಉಳಿಯಿತು.

"ಊರ ಮಾಡೆಲ್ಲ ಹೊದಿಸ್ತೀಯ, ಇದಕ್ಕೆ ನಾಲ್ಕು ಹೆಂಚಿಗೆ ಗತಿ ಇಲ್ವೇನೋ?" ಎಂದು ನೆನೆದವರು ಚುಚ್ಚುತ್ತಿದ್ದರು.

"ದೊಡ್ಡೋನು ಅವನು. ಅವನೇ ಮುಚ್ಲಿ," ಎನ್ನುತ್ತಿದ್ದ ಶುಯಿಲಿನ್.

ಹನ್ನೊಂದು ವರ್ಷ ನೀರು ಸುರಿದು ಕೆಳಗಿನ ಚಪ್ಪಡಿ ಪಾಚಿಗಟ್ಟಿತು. ಜೂನ್ ತಿಂಗಳ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ, ತೋಫು ತರಲು ಹೊರಟ ಗೆನ್‌ಬಾವ್ ಅಲ್ಲೇ ಜಾರಿದ. ಮೆಟ್ಟಿಲಂಚಿಗೆ ಬೆನ್ನು ಬಡಿದು ಕಾಲುವೆಗೆ ಬಿದ್ದ. ದೋಣಿಯವರು ಎತ್ತಿ ತಂದಾಗ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ.

ಶುಯಿಲಿನ್‌ನ ಹೆಂಡತಿ ಫೆಂಗ್‌ಡಿ ದಿನಾ ಭಾವನ ಮನೆಗೆ ಗಂಜಿ ಒಯ್ಯುತ್ತಿದ್ದಳು.

"ನಿಮ್ಮಣ್ಣ ಇವತ್ತೂ ಕೇಳಿದ್ರು, ತಮ್ಮ ಮನೇಲಿದಾನಾ ಅಂತ. ಒಂದ್ಸಲ ಮುಖ ತೋರಿಸಿ ಬನ್ನಿ."

"ಏನಂತ ಹೋಗ್ಲಿ?"

"ಏನೂ ಅನ್ಬೇಡಿ. ಸುಮ್ನೆ ಕೂತು ಬನ್ನಿ."

"ನಾಳೆ ನೋಡೋಣ."

ಗೋಡೆಯಾಚೆ ಅಣ್ಣ ಕೆಮ್ಮುವುದು ಅವನಿಗೆ ಕೇಳುತ್ತಿತ್ತು. ಎರಡು ಸಲ ಅಣ್ಣನ ಬಾಗಿಲ ಹತ್ತಿರದವರೆಗೂ ಹೋಗಿ ಹಿಂತಿರುಗಿದ. ಬೈದರೆ ತಡೆದುಕೊಳ್ಳಬಹುದಿತ್ತು, ಬೈಯದಿದ್ದರೆ ಏನು ಮಾಡುವುದೆಂದು ತಿಳಿಯಲಿಲ್ಲ. ನಲವತ್ತನೆಯ ದಿನ ಕೆಮ್ಮು ನಿಂತಿತು.

ಮಣ್ಣು ಮಾಡಿ ಬಂದ ಮರುದಿನವೇ ಅವನು ಮರ, ಹೆಂಚು ಹೊತ್ತು ತಂದು ಸಂದಿಗೆ ಏಣಿ ಹಾಕಿದ. ಅತ್ತಿಗೆ ಚಿಯಾವೊಯಿನ್ ಹೊರಗೆ ಬಂದಳು. ತೋಳಿನಲ್ಲಿ ಸೂತಕದ ಕರಿಪಟ್ಟಿ.

"ಈಗ ಮುಚ್ತೀಯೇನಪ್ಪಾ?"

"ಅತ್ತಿಗೆ..."

"ಕೊನೇವರೆಗೂ ಅವರು ನಿನ್ನ ಒಂದು ಮಾತು ಬೈಲಿಲ್ಲ. ಬಾಗಿಲು ಹಾಕ್ಬೇಡ ಕಣೆ, ಅವನು ಬರ್ತಾನೆ ಅಂತಿದ್ರು. ಸೊಳ್ಳೆ ಮುತ್ತಿದ್ರೂ ತೆಗೆದೇ ಇಟ್ಟಿದ್ದೆ."

ಅವನು ಏಣಿಯಿಂದ ಇಳಿದ. ಅವಳ ಮುಂದೆ ಮಂಡಿಯೂರಿದ. ಅವಳು ಹಿಂದೆ ಸರಿದಳು.

"ಏಳು. ಹಿಡಿದ ಕೆಲಸ ಮುಗಿಸು. ಇನ್ನೊಬ್ರಾದ್ರೂ ಬೀಳ್ದೇ ಇರ್ಲಿ," ಎಂದು ಒಳಗೆ ಹೋದಳು.

ಸಂಜೆಯೊಳಗೆ ಕೆಲಸ ಮುಗಿಯಿತು. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಮೊದಲೇ ಅತ್ತಿಗೆ ಮನೆಗೆ ಬೀಗ ಹಾಕಿ, ಮಗಳ ಊರಿಗೆ ಹೋಗುವ ದೋಣಿ ಹತ್ತಿದಳು. ಫೆಂಗ್‌ಡಿ ಅತ್ತು ಬೀಳ್ಕೊಟ್ಟಳು. ಕಂಬದ ಪಕ್ಕ ನಿಂತಿದ್ದ ಶುಯಿಲಿನ್‌ನ ಕಡೆ ಅತ್ತಿಗೆ ತಲೆಯೆತ್ತಲಿಲ್ಲ.

ಆಮೇಲೆ ಪೇಟೆಗೆ ಹೋಗಬೇಕಾದಾಗೆಲ್ಲ ಅವನು ಆ ಸಂದಿನ ಕೆಳಗೆ ಹಾಯುವ ನೇರ ಹಾದಿ ಬಿಟ್ಟು ಸೇತುವೆ ದಾಟಿ, ಆಚೆ ದಂಡೆಯ ಮನೆ, ಮಾಡುಗಳಿಲ್ಲದ ಬಯಲು ಹಾದಿಯಲ್ಲಿ ನಡೆಯುತ್ತಿದ್ದ, ಮಳೆಯಿದ್ದರೂ. ಯಾಕಯ್ಯಾ ಇಷ್ಟು ಸುತ್ತು ಎಂದು ಯಾರಾದರೂ ಕೇಳಿದರೆ, "ಈ ಕಡೆ ಜನ ಕಡಿಮೆ," ಎನ್ನುತ್ತಿದ್ದ.