ಅಪ್ಪನ ಬಲಗೈ

ಸಾವಿನ ಮನೆಯಲ್ಲಿ ಅಳುವುದಕ್ಕೂ ಮೊದಲು ನಾಲ್ಕು ಜನ ಏನಂತಾರೆ ಎಂದು ಯೋಚಿಸಿದವನು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಅಪ್ಪ ದರ್ಜಿ, ನಾನೂ ದರ್ಜಿ. ಹಿಂದೊಮ್ಮೆ ಗಾಜು ತಗುಲಿ ಅಪ್ಪನ ಬಲಗೈಯ ನರ ತುಂಡಾಗಿತ್ತು. ಡಾಕ್ಟರು ಅದನ್ನು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರು. ಒಂದೂವರೆ ವರ್ಷಕ್ಕೆ ಅಪ್ಪ ಮತ್ತೆ ಅಂಗಿಯ ಗುಂಡಿಗೆ ಕಾಜಾ ಹೊಲಿಯತೊಡಗಿದ. ಆಮೇಲೊಂದು ದಿನ ಮೆಡಿಕಲ್ ಕಾಲೇಜಿಗೆ ಹೋಗಿ ದೇಹದಾನದ ಅರ್ಜಿ ತುಂಬಿ ಬಂದ.

"ನಿನಗೇನು ತಲೆ ಕೆಟ್ಟಿದೆಯಾ?" ಎಂದು ರೇಗಿದೆ.

"ಹೊಲಿಗೆ ಕಲಿಯೋನು ಮೊದಲು ಹಳೇ ಬಟ್ಟೆ ಮೇಲೆ ತಾನೆ ಸೂಜಿ ಆಡಿಸೋದು? ಆ ಡಾಕ್ಟರಿಗೂ ಯಾರದೋ ಕೈ ಸಿಕ್ಕಿತ್ತು ಕಣೋ. ನಂದೂ ಯಾರಿಗಾದ್ರೂ ಸಿಗ್ಲಿ."

ಕಳೆದ ವರ್ಷ ಒಂದು ಬೆಳಿಗ್ಗೆ ಅಪ್ಪ ಕುರ್ಚಿಯಲ್ಲೇ ಹೋಗಿಬಿಟ್ಟ. ಕಾಲೇಜಿನವರು ಕೊಟ್ಟಿದ್ದ ದಾನದ ಚೀಟಿಯನ್ನು ನಾನು ದಾರದ ಬಾಬಿನ್ ಡಬ್ಬಿಯ ಕೆಳಗೆ ತಳ್ಳಿದೆ.

"ಕಾಲೇಜಿಗೆ ಫೋನ್ ಮಾಡಿದ್ಯಾ?" ಅಮ್ಮ ಎರಡು ಸಲ ಕೇಳಿದಳು.

"ದೊಡ್ಡಪ್ಪ ಬರ್ಲಿ ಇರು."

ದೊಡ್ಡಪ್ಪ ಬಂದದ್ದು ಮರುದಿನ ಸಂಜೆ. ಎಲ್ಲರೆದುರು ಮರ್ಯಾದೆ ಕಳೆಯುತ್ತಾರೆ ಎಂದು ಹೆದರುತ್ತಲೇ ವಿಷಯ ಹೇಳಿದೆ.

"ಅವನ ಕೈ, ಅವನಿಷ್ಟ. ಇನ್ನೂ ಯಾಕೋ ಇಟ್ಕೊಂಡು ಕೂತಿದೀಯ?" ಎಂದುಬಿಟ್ಟರು.

ಆ ರಾತ್ರಿಯೇ ಅಪ್ಪನನ್ನು ಕಾಲೇಜಿಗೆ ಒಯ್ದೆವು. ಅಲ್ಲಿ ದೇಹಗಳನ್ನು ಕೆಡದಂತೆ ಕಾಪಿಡುವ ಅಕ್ಕ ನಮ್ಮ ಅಂಗಡಿಯ ಗಿರಾಕಿಯೇ. ಅಪ್ಪನ ಕೈ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟರು.

"ಮೂಳೆ ಪಾಠಕ್ಕೆ ಆಗುತ್ತೆ. ನರ ಆಗಲ್ಲ."

"ಔಷಧಿ ಹಾಕ್ತೀರಲ್ಲ?"

"ಔಷಧಿ ಇದ್ದದ್ದನ್ನ ಉಳಿಸುತ್ತೆ, ಹೋದದ್ದನ್ನ ತರಲ್ಲ. ಬೇಗ ತಂದಿದ್ರೆ ಎರಡು ದಾರಿ ಇತ್ತು. ಫಾರ್ಮಾಲಿನ್ ಅನ್ನೋ ಔಷಧಿ ಹಾಕಿದ್ರೆ ನರ ಗಂಜಿ ಹಾಕಿದ ಕಾಲರ್ ಥರ ಬಿರುಸಾಗುತ್ತೆ. ಒಳಗಿನ ಎಳೆಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡೋಕೆ ಅದು ಚೆನ್ನ. ಆದ್ರೆ ಹೊಲಿಗೆ ಕಲಿಯೋರಿಗೆ ನರ ಮೆತ್ತಗೆ ಬಗ್ಗಬೇಕು. ಅದಕ್ಕೆ ಬೇರೆ ದ್ರಾವಣ ಇದೆ. ಹೊಲಿದ ನರ ಹೇಗೆ ಕೂಡಿಕೊಂಡಿದೆ ಅಂತ ನೋಡೋಕೂ ನಾವು ಕಾದಿದ್ವಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಪ್ಪ ಕೇಳಿದ್ದು ಒಂದೇ ಒಂದು. ಅದನ್ನೂ ನಾನು ಕೆಡಿಸಿದ್ದೆ.

ವಾರದ ಮೇಲೆ ಅಮ್ಮ ಬಂದು ಎದುರು ಕೂತಳು. "ನನ್ನ ಅರ್ಜಿನೂ ತುಂಬು."

"ಇನ್ನೂ ನನ್ನನ್ನ ನಂಬ್ತೀಯಾ?"

"ಇಲ್ಲ. ಅದಕ್ಕೇ ಫೋನ್ ನಂಬರ್ ಗೋಡೆ ಮೇಲೆ ಬರೆಸ್ತಿದೀನಿ."

ಅಂಗಡಿಯ ಗೋಡೆಯ ಮೇಲೆ ಬರೆದೆ, ಗಿರಾಕಿಗಳಿಗೂ ಕಾಣುವಷ್ಟು ದೊಡ್ಡದಾಗಿ. ಆ ವಾರವೇ ನನ್ನ ಅರ್ಜಿಯನ್ನೂ ಕೊಟ್ಟೆ. ದೊಡ್ಡಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ದೇಹದಾನ ಬರೆದುಕೊಟ್ಟಿದ್ದಾರೆಯೇ? ಚೀಟಿ ಎಲ್ಲಿದೆ ಎಂದು ಇವತ್ತೇ ಕೇಳಿ. ಅವರು ಬದುಕಿರುವಾಗಲೇ ನೆಂಟರಿಗೆಲ್ಲ ಹೇಳಿಬಿಡಿ. ಆ ದಿನ ಬಂದಾಗ ಮೊದಲ ಫೋನ್ ಕಾಲೇಜಿಗೆ ಹೋಗಲಿ. ನಾಲ್ಕು ಜನ ಕಾಯುತ್ತಾರೆ, ನರ ಕಾಯುವುದಿಲ್ಲ.